ಬೀಗದ ಕೈಯೊಳಗಿನ ಬೀಗದ ಕೈ

ಯಾಂತ್ರಿಕ ದೋಣಿಗಳ ಮೇಲಿನ ಮಳೆಗಾಲದ ನಿಷೇಧ ಮುಗಿದು ಭಟ್ಕಳದ ತೆಂಗಿನಗುಂಡಿ ಬಂದರಿಗೆ ಮತ್ತೆ ಜೀವ ಬಂದಿತ್ತು. ಬಂಗುಡೆ ಬುಟ್ಟಿಗಳು ಇಳಿಯುತ್ತಿದ್ದವು. ಹರಾಜಿನ ಕೂಗು, ಐಸ್ ಪುಡಿಯಾಗುವ ಸದ್ದು, ರಿವರ್ಸ್ ಬರುತ್ತಿದ್ದ ಪಿಕಪ್ ವಾಹನಗಳ ಪೀಂ ಪೀಂ. ಇಷ್ಟೆಲ್ಲದರ ನಡುವೆಯೂ ಎಲ್ಲರೂ ತಿರುಗಿ ನೋಡುವಂತೆ ಒಂದು ಕಾರು ಬೊಬ್ಬೆ ಹಾಕತೊಡಗಿತು. ನಾಲ್ಕೂ ಇಂಡಿಕೇಟರ್ ಮಿನುಗುತ್ತಿವೆ, ಹಾರ್ನ್ ನಿಲ್ಲುತ್ತಿಲ್ಲ. ಬಾಗಿಲು ತೆಗೆಸಿದವರು ಕಳ್ಳರಲ್ಲ, ಕಾರಿನ ಮಾಲೀಕರೇ.

ನಡೆದದ್ದು ಇಷ್ಟು. ಪಾಲುಗಾರಿಕೆಯ ದೋಣಿಯೊಂದನ್ನು ದಡಕ್ಕೆ ಕಟ್ಟಲು ಅವರು ಸೊಂಟಮಟ್ಟ ನೀರಿಗೆ ಇಳಿದಿದ್ದರು. ಕಾರಿನ ರಿಮೋಟ್ ಪ್ಯಾಂಟಿನ ಜೇಬಿನಲ್ಲೇ ಇತ್ತು. ಮೇಲೆ ಬಂದು ಗುಂಡಿ ಒತ್ತಿದರೆ ಕಾರು ಮಿಸುಕಲಿಲ್ಲ. ಹಿಡಿಕೆಯ ಮೇಲಿನ ಸಣ್ಣ ಕಪ್ಪು ಬಟನ್ ಒತ್ತಿದರೂ ಇಲ್ಲ. ಫೋನು ಒಳಗೆ, ಪರ್ಸು ಒಳಗೆ. ಯಾರೋ ಭಟ್ಕಳ ಪೇಟೆಯಿಂದ ಕೀ ಮಾಡುವ ಹುಡುಗನನ್ನು ಕರೆಸಿದರು. ಸ್ಕೂಟರಿನಲ್ಲಿ ಬಂದ ಆತನ ಕೈಯಲ್ಲಿ ಇದ್ದದ್ದು ಒಂದು ಪುಟ್ಟ ಬ್ಯಾಗು, ಅಷ್ಟೆ.

ಆತ ಮಾಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ರಿಮೋಟಿನ ಅಂಚಿನಲ್ಲಿದ್ದ ಚಿಕ್ಕ ಕೊಂಡಿಯನ್ನು ಉಗುರಿನಿಂದ ಸರಿಸಿದ. ಒಳಗಿನಿಂದ ಬೆರಳುದ್ದದ ಲೋಹದ ಕೀ ಹೊರಬಂತು. ಅದರ ತುದಿಯಿಂದಲೇ ರಿಮೋಟಿನ ಚಿಪ್ಪು ಬಿಡಿಸಿ ನಾಣ್ಯದಂಥ ಸೆಲ್ಲನ್ನು ತೆಗೆದು ಮಾಲೀಕರ ಅಂಗೈಗೆ ಹಾಕಿದ. ಸಿ.ಆರ್. 2032, ಮೂರು ವೋಲ್ಟಿನ ಲಿಥಿಯಂ ಸೆಲ್. ಅದರ ಅಂಚು ಆಗಲೇ ಕಪ್ಪಾಗಿತ್ತು, ಅದನ್ನು ಹಿಡಿದಿದ್ದ ತಗಡಿನ ನಾಲಿಗೆಯ ಮೇಲೆ ಹಸಿರು ಕಿಲುಬು. ಆಮೇಲೆ ಬಾಗಿಲಿನ ಹಿಡಿಕೆಯ ಕೊನೆಯಲ್ಲಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಮೆಲ್ಲಗೆ ಮೀಟಿದ. ಅದರ ಹಿಂದೆ ಕೀಲಿಯ ತೂತು! ಐದು ವರ್ಷದಿಂದ ಆ ಕಾರು ಓಡಿಸುತ್ತಿದ್ದವರಿಗೆ ಅಲ್ಲೊಂದು ತೂತು ಇದೆ ಎಂಬುದೇ ಗೊತ್ತಿರಲಿಲ್ಲ. ತೂತಿನ ಸುತ್ತ ಉಪ್ಪಿನ ಬಿಳಿ ಪೊರೆ. ಹುಡುಗ ಅದಕ್ಕೆ ಗ್ರಾಫೈಟ್ ಪುಡಿ ಊದಿ, ಕೀ ಒಳಗಿಟ್ಟು, ಆ ಕಡೆ ಒಂದಿಷ್ಟು ಈ ಕಡೆ ಒಂದಿಷ್ಟು ಆಡಿಸಿ ಆಡಿಸಿ ಕೊನೆಗೂ ತಿರುಗಿಸಿದ. ಬಾಗಿಲು ತೆರೆಯಿತು. ಹಾರ್ನ್ ಶುರುವಾದದ್ದು ಆಗಲೇ.

“ಹೆದರ್ಬೇಡಿ ಭಾಯ್, ಒಳಗೆ ಕೂತ್ಕಳಿ. ಬ್ರೇಕ್ ಒತ್ತಿ ಹಿಡೀರಿ. ಈಗ ಈ ರಿಮೋಟಿನ ಮೂತಿಯಿಂದ್ಲೇ ಸ್ಟಾರ್ಟ್ ಬಟನ್ ಒತ್ತಿ” ಎಂದ.

“ಸೆಲ್ ಇಲ್ಲಿ ನನ್ನ ಕೈಯಲ್ಲಿ ಉಂಟಲ್ಲ ತಮಾ?”

“ಇರ್ಲಿ, ಒತ್ತಿ.”

ಒತ್ತಿದರು. ಎಂಜಿನ್ ಶುರುವಾಯಿತು, ಹಾರ್ನ್ ಬಾಯಿ ಮುಚ್ಚಿತು. ಸೆಲ್ ಇಲ್ಲದ, ಉಪ್ಪುನೀರು ಕುಡಿದ ರಿಮೋಟಿಗೆ ಕಾರು ತಲೆಬಾಗಿದ ಆ ಗಳಿಗೆಯನ್ನು ಅಲ್ಲಿಂದ ಬಂದ ಮೇಲೆ ಸಿಕ್ಕವರಿಗೆಲ್ಲ ಹೇಳಿದ್ದೇನೆ. ಇದು ಪವಾಡವಲ್ಲ, ಆದರೆ ಪವಾಡಕ್ಕಿಂತ ಚಂದ.

ನಾವು ರಿಮೋಟ್ ಎಂದು ಕರೆಯುವ ಚಿಪ್ಪಿನೊಳಗೆ ಇರುವುದು ಒಂದು ಕೀ ಅಲ್ಲ, ಮೂರು. ಮೊದಲನೆಯದು ರೇಡಿಯೊ. ಭಾರತದಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್‌ನಲ್ಲಿ ಮಾತಾಡಿ ಬಾಗಿಲು ತೆಗೆಯುವುದು, ಹಾಕುವುದು ಇದರ ಕೆಲಸ. ಸೆಲ್ ಬೇಕೇ ಬೇಕು. ಎರಡನೆಯದು ಇಮ್ಮೊಬಿಲೈಸರ್ ಚಿಪ್. ಇದಕ್ಕೆ ಸೆಲ್ ಬೇಡ. ಸ್ಟಾರ್ಟ್ ಬಟನ್ನಿನ ಸುತ್ತ ಅಡಗಿರುವ ತಾಮ್ರದ ತಂತಿಯ ಸುರುಳಿಯಲ್ಲಿ ಸೆಕೆಂಡಿಗೆ ಸುಮಾರು 1,25,000 ಆವರ್ತದ ವಿದ್ಯುತ್ ಹರಿಯುತ್ತದೆ. ರಿಮೋಟನ್ನು ಅದಕ್ಕೆ ತಾಗಿಸಿದರೆ ಚಿಪ್‌ನ ಸುರುಳಿಯಲ್ಲೂ ವಿದ್ಯುತ್ ಹುಟ್ಟುತ್ತದೆ. ಅಷ್ಟರಲ್ಲೇ ಚಿಪ್ ಎಚ್ಚೆತ್ತು ತನ್ನ ಗುರುತು ಹೇಳುತ್ತದೆ. ಗುರುತು ಸರಿಯಿದ್ದರೆ ಮಾತ್ರ ಎಂಜಿನ್. ಎರಡು ಸುರುಳಿಗಳ ನಡುವೆ ಕೆಲವೇ ಸೆಂಟಿಮೀಟರ್ ಅಂತರವಿರಬೇಕು, ಅದಕ್ಕೇ ಮೂತಿ ತಾಗಿಸಬೇಕಾದದ್ದು. ಕೆಲವು ಕಾರುಗಳಲ್ಲಿ ಈ ಜಾಗ ಬಟನ್ನಿನಲ್ಲಿ ಅಲ್ಲ, ಲೋಟ ಇಡುವ ಗುಳಿಯಲ್ಲೋ ಸ್ಟೀರಿಂಗ್ ಕಂಬದ ಪಕ್ಕದಲ್ಲೋ ಇರುತ್ತದೆ. ಮೂರನೆಯದು ಆ ಲೋಹದ ಕೀ.

ಅಲಾರಂ ಕೂಗಿದ್ದರಲ್ಲೂ ಲೆಕ್ಕಾಚಾರವಿದೆ. ಲೋಹದ ಕೀಯನ್ನು ಯಾವ ಪೇಟೆಯಲ್ಲಾದರೂ ನಕಲು ಮಾಡಬಹುದು. ಹಾಗಾಗಿ ರಿಮೋಟಿನಿಂದ ಬೀಗ ಹಾಕಿದ ಕಾರನ್ನು ಲೋಹದ ಕೀಯಿಂದ ತೆಗೆದರೆ ಅನೇಕ ಕಾರುಗಳು ಅದನ್ನು ಕಳ್ಳತನವೆಂದೇ ಬಗೆಯುತ್ತವೆ. ಚಿಪ್ ಗುರುತು ಕೊಟ್ಟ ಮೇಲಷ್ಟೇ ಸಮಾಧಾನ. ಇದು ತಿಳಿಯದವರು ಹಾರ್ನ್ ಕೇಳಿ ಗಾಬರಿಗೊಂಡು ಬ್ಯಾಟರಿಯ ತಂತಿ ಕೀಳಲು ಹೋಗುತ್ತಾರೆ.

ರಿಮೋಟಿನ ಚರಿತ್ರೆ ಓದುಗರಿಗೆ ಅಷ್ಟಿಷ್ಟು ಗೊತ್ತಿರುವುದೇ. ದೂರದಿಂದ ಬಾಗಿಲು ತೆಗೆಯುವ ಸೌಲಭ್ಯ 1982ರಲ್ಲಿ ಫ್ರಾನ್ಸಿನ ರೆನೊ ಫ್ಯೂಗೊ ಕಾರಿಗೆ ಬಂತು. ನಮ್ಮಲ್ಲಿ ಮಾರುತಿ 800 ಇನ್ನೂ ರಸ್ತೆಗೆ ಇಳಿದಿರಲಿಲ್ಲ. ಆರಂಭದ ರಿಮೋಟುಗಳು ಪ್ರತಿ ಸಲವೂ ಒಂದೇ ಕೋಡ್ ಕಳಿಸುತ್ತಿದ್ದವು. ಗಾಳಿಯಲ್ಲಿ ಅದನ್ನು ಹಿಡಿದಿಟ್ಟುಕೊಂಡು ಮತ್ತೆ ಬಿಟ್ಟರೆ ಬಾಗಿಲು ತೆರೆಯುತ್ತಿತ್ತು. ಒತ್ತಿದಾಗಲೆಲ್ಲ ಬದಲಾಗುವ ಕೋಡಿನ ‘ಕೀಲಾಕ್’ ದಕ್ಷಿಣ ಆಫ್ರಿಕಾದ ನ್ಯಾನೊಟೆಕ್ ಕಂಪನಿಯಲ್ಲಿ 80ರ ದಶಕದ ನಡುವೆ ಹುಟ್ಟಿತು. 1995ರಲ್ಲಿ ಅಮೆರಿಕದ ಮೈಕ್ರೊಚಿಪ್ ಅದನ್ನು ಒಂದು ಕೋಟಿ ಡಾಲರಿಗೆ ಕೊಂಡಿತು. 1998ರಿಂದ ಯುರೋಪಿನಲ್ಲಿ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯವಾಯಿತು. 2008ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಸಂಶೋಧಕರು ಕೀಲಾಕನ್ನೂ ಭೇದಿಸಿ ತೋರಿಸಿದರು.

ಮನೆಯಲ್ಲಿ ಮಗು ರಿಮೋಟ್ ಹಿಡಿದು ಆಡಿದ ಮೇಲೆ ಕಾರು ಕೇಳುವುದಿಲ್ಲ ಎಂಬ ದೂರಿಗೆ ಉತ್ತರವೂ ಈ ಕೀಲಾಕಿನಲ್ಲಿದೆ. ಕೊನೆಯ ಸಲ ಕೇಳಿದ್ದಕ್ಕಿಂತ 16 ಹೆಜ್ಜೆ ಮುಂದಿನ ಕೋಡಿನವರೆಗೂ ಕಾರು ತಕ್ಷಣ ಒಪ್ಪುತ್ತದೆ. ಅದಕ್ಕೂ ಮುಂದೆ ಹೋಗಿದ್ದರೆ, 32,000 ಹೆಜ್ಜೆಗಳಷ್ಟು ದೂರದವರೆಗೂ, ಬೆನ್ನುಬೆನ್ನಿಗೆ ಎರಡು ಕೋಡು ಕೇಳಿ ಹೊಂದಿಸಿಕೊಳ್ಳುತ್ತದೆ. ಕಾರಿನ ಪಕ್ಕ ನಿಂತು ಎರಡು ಸಲ ಒತ್ತಿ ನೋಡಿ, ಶೋರೂಮಿಗೆ ಓಡಬೇಡಿ.

ಬಂದರಿನಲ್ಲಿ ಆ ದಿನ ಕಂಡ ಇನ್ನೊಂದು ವಿಷಯ ನನ್ನನ್ನು ಇನ್ನೂ ಬಿಟ್ಟಿಲ್ಲ. ಮೀನು ಕೊಳ್ಳಲು ಬಂದಿದ್ದ ಒಬ್ಬರು ದೂರದ ಸಾಲಿನಲ್ಲಿ ನಿಲ್ಲಿಸಿದ್ದ, ಕೆ.ಎ. 47 ನೋಂದಣಿಯ ತಮ್ಮ ಕಾರನ್ನು ಹುಡುಕುತ್ತಿದ್ದರು. ಕೈ ಚಾಚಿ ರಿಮೋಟ್ ಒತ್ತಿದರೆ ಏನೂ ಇಲ್ಲ. ಅದನ್ನು ಗದ್ದದ ಕೆಳಗೆ ಒತ್ತಿ ಹಿಡಿದು ಮತ್ತೆ ಒತ್ತಿದರು. ಐಸ್ ಲಾರಿಯ ಆಚೆ ದೀಪ ಮಿಂಚಿತು. ಇದನ್ನು ಮೂಢನಂಬಿಕೆ ಎಂದು ನಗುವವರು ಇದ್ದಾರೆ. ಅಲ್ಲ, ಇದು ಅಪ್ಪಟ ಭೌತಶಾಸ್ತ್ರ. 433.92 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 69 ಸೆಂಟಿಮೀಟರ್. ರಿಮೋಟಿನೊಳಗಿನ ಆಂಟೆನಾ ಬೆರಳಿನಷ್ಟೂ ಇಲ್ಲ. ಅಷ್ಟು ಗಿಡ್ಡ ಆಂಟೆನಾ ಅಷ್ಟು ಉದ್ದದ ತರಂಗವನ್ನು ಸಮರ್ಥವಾಗಿ ಹೊರಹಾಕಲಾರದು. ನಮ್ಮ ತಲೆಯಲ್ಲಿ ಇರುವುದು ಬಹುಪಾಲು ಉಪ್ಪು ಕರಗಿದ ನೀರು. ರಿಮೋಟನ್ನು ಗದ್ದಕ್ಕೆ ಒತ್ತಿದಾಗ ಆ ನೀರಿನೊಳಗಿನ ವಿದ್ಯುದಂಶಗಳು ತರಂಗದ ತಾಳಕ್ಕೆ ಹಿಂದೆಮುಂದೆ ಓಲಾಡುತ್ತವೆ, ತಲೆಯೂ ಆಂಟೆನಾದ ಭಾಗವಾಗುತ್ತದೆ, ಸಂಕೇತ ಇನ್ನಷ್ಟು ದೂರ ಮುಟ್ಟುತ್ತದೆ.

ಬಲ್ಲವರು ತಲೆಯ ಬದಲು ದೊಡ್ಡ ನೀರಿನ ಬಾಟಲಿ ಇಟ್ಟು ಇದನ್ನೇ ಮಾಡಿ ತೋರಿಸಿದ್ದಾರೆ. ಈ ಗುಂಗಿನಲ್ಲಿ ನಾನೂ ಬಂದರಿನ ಬಯಲಿನಲ್ಲಿ ರಿಮೋಟನ್ನು ಎದೆಗೆ, ಹಣೆಗೆ, ಕುಡಿಯುವ ನೀರಿನ ಕ್ಯಾನಿಗೆ ಒತ್ತಿ ಒತ್ತಿ ಹಿಂದಕ್ಕೆ ನಡೆಯುತ್ತ ಹೋದೆ. ಗದ್ದಕ್ಕೆ ಒತ್ತಿದಾಗ, ಕೈ ಚಾಚಿದಾಗಿನದಕ್ಕಿಂತ ಸ್ಪಷ್ಟವಾಗಿ ದೂರದಿಂದ ಕಾರು ಉತ್ತರಿಸಿತು. ಕ್ಯಾನೂ ಸೋಲಲಿಲ್ಲ. ಸೆಲ್ ಸೊರಗಿದ ದಿನ ಇದು ನಿಜಕ್ಕೂ ಉಪಕಾರಕ್ಕೆ ಬರುವ ವಿದ್ಯೆ. ಆ ಅಲ್ಪ ಶಕ್ತಿಯ ಕ್ಷಣಿಕ ಸಂಕೇತದಿಂದ ತಲೆಗೆ ಏನಾದರೂ ಆಗುತ್ತದೆಂದು ಅಂಜಬೇಕಿಲ್ಲ.

ಈಗ ಕರಾವಳಿಯ ನಿಜವಾದ ಕಳ್ಳನ ವಿಚಾರ. ಅಳ್ವೆಕೋಡಿ-ತೆಂಗಿನಗುಂಡಿ ಅಳಿವೆಯ ಗಾಳಿಯಲ್ಲೇ ಉಪ್ಪಿದೆ. ರಿಮೋಟ್ ಉಪ್ಪುನೀರಿಗೆ ಬಿದ್ದರೆ ಸೆಲ್ಲಿನ ವಿದ್ಯುತ್ತೇ ಒಳಗಿನ ತಾಮ್ರವನ್ನು ತಿನ್ನುತ್ತ ಹೋಗುತ್ತದೆ. ಹಾಗಾಗಿ ಮೊದಲ ಕೆಲಸ ಸೆಲ್ ತೆಗೆಯುವುದು, ಎರಡನೆಯದು ಸಿಹಿನೀರಿನಲ್ಲಿ ತೊಳೆಯುವುದು, ಆಮೇಲೆ ಪೂರ್ತಿ ಒಣಗಿಸುವುದು. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ನೀರು ಆರೀತು, ಉಪ್ಪು ಅಲ್ಲೇ ಉಳಿಯುತ್ತದೆ. ಬಾಗಿಲಿನ ಕೀಲಿಯ ತೂತಿಗೆ ತೆಂಗಿನೆಣ್ಣೆ ಬಿಡುವುದೂ ತಪ್ಪು. ಅದು ಮರಳು ಹಿಡಿದು ಅಂಟಾಗುತ್ತದೆ. ಗ್ರಾಫೈಟ್ ಪುಡಿಯೇ ಮೇಲು.

ಗಲ್ಫಿನಲ್ಲಿ ದುಡಿಯುವವರ ಮನೆಗಳು ಭಟ್ಕಳದಲ್ಲಿ ಎಷ್ಟಿವೆ ಎಂದು ಹೇಳಬೇಕಿಲ್ಲ. ರಜೆ ಮುಗಿದ ಮೇಲೆ ಅವರ ಕಾರುಗಳು ಹೊದಿಕೆ ಹೊದ್ದು ತಿಂಗಳುಗಟ್ಟಲೆ ನಿಲ್ಲುತ್ತವೆ. ನಿಂತ ಕಾರಿನ ಅಲಾರಂ, ರಿಮೋಟಿಗೆ ಕಾಯುವ ರೇಡಿಯೊ ಇತ್ಯಾದಿ ಸೇರಿ 40 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ ಹೆಚ್ಚು ಕಡಿಮೆ ಒಂದು ಆಂಪಿಯರ್-ಗಂಟೆ ಖರ್ಚು. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ತಿಂಗಳೊಂದು ದಾಟುವಷ್ಟರಲ್ಲಿ ಬರಿದು. ಆಗ ರಿಮೋಟಿನಲ್ಲಿ ಹೊಚ್ಚಹೊಸ ಸೆಲ್ ಇದ್ದರೂ ಬಾಗಿಲು ತೆರೆಯದು. ಬಾನೆಟ್ಟಿನ ಸನ್ನೆ ಕಾರಿನ ಒಳಗೆ. ದಾರಿ ಒಂದೇ, ಲೋಹದ ಕೀ. ಹೊರಡುವ ಮುಂಚೆ ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿಟ್ಟು ಹೋಗುವವರು ಜಾಣರು.

ಮುಟ್ಟಿದರೆ ತೆರೆಯುವ ಹಿಡಿಕೆಗಳ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ, ಮುಚ್ಚಿಡುವುದಿಲ್ಲ. 2011ರಲ್ಲಿ ಜ್ಯೂರಿಕ್‌ನ ಇ.ಟಿ.ಎಚ್. ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾದರಿಗಳನ್ನು ಪರೀಕ್ಷಿಸಿ, ಮನೆಯೊಳಗಿನ ಕೀಯ ಸಂಕೇತವನ್ನು ಕಾರಿನವರೆಗೆ ಹಾಯಿಸಿ ಬಾಗಿಲು ತೆಗೆದು ಓಡಿಸಬಹುದೆಂದು ಸಾಬೀತು ಮಾಡಿದರು. ಅಂಥ ಕೀಯನ್ನು ರಾತ್ರಿ ಕಿಟಕಿಯ ಪಕ್ಕ ಇಡದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಹಾಕಿಡುವುದು ಒಳ್ಳೆಯದು. ಎರಡನೆಯ ಕೀಯನ್ನೂ ಜೋಪಾನ ಮಾಡಿ. ಕಾರು ಕಳುವಾದರೆ ವಿಮೆಯವರು ಎರಡೂ ಅಸಲಿ ಕೀ ಕೇಳುತ್ತಾರೆ.

ಕಾರು ಹೋದರೆ ಹೋಯಿತು, ಪ್ರಾಣದ ಮಾತು ಬೇರೆ. 2022ರ ಆಗಸ್ಟ್ ಮೊದಲ ವಾರದಲ್ಲಿ ಭಟ್ಕಳದಲ್ಲಿ ರಾತ್ರಿ ಕಳೆಯುವುದರೊಳಗೆ ಹೆದ್ದಾರಿಯೇ ಹೊಳೆಯಾಯಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಸತ್ತರು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನೀರಿಗೆ ಸಿಕ್ಕ ಕಾರಿನೊಳಗಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅರ್ಧ ಮೀಟರ್ ನೀರು ಒಂದು ಮೀಟರ್ ಅಗಲದ ಬಾಗಿಲನ್ನು ಒತ್ತುವ ಬಲ ಸುಮಾರು 125 ಕಿಲೋ ಭಾರಕ್ಕೆ ಸಮ. ಬೀಗ ತೆಗೆದಿದ್ದರೂ ಬಾಗಿಲು ತಳ್ಳಲಾಗದು. ಆದ್ದರಿಂದ ನೀರು ಏರುವ ಮೊದಲೇ, ವಿದ್ಯುತ್ ಇರುವಾಗಲೇ, ಕಿಟಕಿಯ ಗಾಜು ಇಳಿಸಿ, ಬೆಲ್ಟ್ ಬಿಡಿಸಿ, ಕಿಟಕಿಯಿಂದಲೇ ಹೊರಬನ್ನಿ. ಗಾಜು ಒಡೆಯಬೇಕಾಗಿ ಬಂದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು, ಮುಂದಿನ ಗಾಜು ಪದರುಗಳದ್ದು, ಸುಲಭಕ್ಕೆ ಬಗ್ಗದು.

2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್, ಬೆಲ್ಟ್ ನೆನಪಿಸುವ ಸದ್ದು, ವೇಗದ ಎಚ್ಚರಿಕೆ, ಹಿಂದಿನ ಸೆನ್ಸರ್ ಜೊತೆಗೆ, ಸೆಂಟ್ರಲ್ ಲಾಕ್ ಕೆಟ್ಟರೂ ಕೈಯಿಂದ ತೆಗೆಯುವ ವ್ಯವಸ್ಥೆಯೂ ಕಡ್ಡಾಯ. ಆ ಪಟ್ಟಿಯಲ್ಲಿ ಎಲ್ಲರೂ ಏರ್‌ಬ್ಯಾಗನ್ನು ಕೊಂಡಾಡಿದರು. ನನ್ನ ಮಟ್ಟಿಗೆ ಕೊನೆಯದೂ ಅಷ್ಟೇ ದೊಡ್ಡದು. ಬೆಲ್ಟಿನ ಸದ್ದು ಅಡಗಿಸುವ ನಕಲಿ ಕ್ಲಿಪ್ಪುಗಳನ್ನು ಮಾರಾಟ ಜಾಲತಾಣಗಳಿಂದ ತೆಗೆಸಲು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಆದೇಶ ಹೊರಡಿಸಬೇಕಾಯಿತು. ಎಚ್ಚರಿಸುವ ಸದ್ದನ್ನು ದುಡ್ಡು ಕೊಟ್ಟು ಬಾಯಿ ಮುಚ್ಚಿಸುವುದಕ್ಕಿಂತ ದೊಡ್ಡ ಅವಿವೇಕ ಇನ್ನೊಂದಿಲ್ಲ.

ಇದನ್ನು ಓದಿದವರು ಇವತ್ತೇ ಒಂದು ಕೆಲಸ ಮಾಡಿ. ರಿಮೋಟಿನೊಳಗಿನ ಲೋಹದ ಕೀ ಹೊರತೆಗೆದು ಚಾಲಕನ ಬಾಗಿಲನ್ನು ಅದರಿಂದಲೇ ತೆಗೆದು ನೋಡಿ, ತಿಂಗಳಿಗೊಮ್ಮೆ ಹಾಗೆ ಮಾಡಿ. ಹಿಂದಿನ ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಯಾವ ಕಡೆಗಿದೆ ಎಂದು ಗಮನಿಸಿ. ಅದು ಹಾಕಿದ್ದರೆ ಹಿಂದೆ ಕೂತವರಿಗೆ ಒಳಗಿನಿಂದ ಬಾಗಿಲು ತೆರೆಯದು, ಹೊರಗಿನಿಂದ ತೆರೆಯುತ್ತದೆ. ಇದನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ತೋರಿಸಿ. ಕಾರು ಮಾರುವವರಲ್ಲೂ ಒಂದು ವಿನಂತಿ: ಹಾರ ಹಾಕಿ, ಫೋಟೊ ತೆಗೆದು ಕೀ ಕೊಡುವ ದಿನ, ಸೆಲ್ ಸತ್ತರೆ ಬಾಗಿಲು ತೆಗೆಯುವುದು ಹೇಗೆ, ಎಂಜಿನ್ ಶುರು ಮಾಡುವುದು ಹೇಗೆ ಎಂದು ಕೊಳ್ಳುವವರ ಕೈಯಿಂದಲೇ ಒಮ್ಮೆ ಮಾಡಿಸಿ ಕಳಿಸಿ.