ಹಾವು ಸಾಕಿ ಮಾರುವ ಲೆಕ್ಕ

ವಿಜಯಪುರ ದಾಟಿ ಶಿಡ್ಲಘಟ್ಟದ ರಸ್ತೆ ಹಿಡಿದರೆ ಸಿಗುವ ಮೇಲೂರಿನಲ್ಲಿ ಶಾಖ ಮತ್ತು ತೇವದ ಲೆಕ್ಕವನ್ನು ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ. ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆ ಹುಳುವಿಗೆ, 27-28 ಡಿಗ್ರಿ ಶಾಖ, ಶೇಕಡ 85ರಿಂದ 90ರಷ್ಟು ತೇವಾಂಶ ಬೇಕು. ಹುಳು ಹಣ್ಣಾಗುವ ಹೊತ್ತಿಗೆ ಅದನ್ನು 24-25 ಡಿಗ್ರಿಗೆ, ಶೇಕಡ 70ಕ್ಕೆ ಇಳಿಸಬೇಕು. ಎರಡು ಡಿಗ್ರಿ ಹೆಚ್ಚುಕಮ್ಮಿಯಾದರೂ ಬೆಳೆ ಕೈಬಿಟ್ಟೀತು ಎಂಬುದು ಹುಳು ಮನೆಯಲ್ಲಿ ಬೆಳೆದ ಮಕ್ಕಳಿಗೂ ಗೊತ್ತು. ಗೂಡಿನ ಬೆಲೆ ಕುಸಿದ ದಿನಗಳಲ್ಲಿ ಇಂಥ ಮನೆಯ ಹುಡುಗನೊಬ್ಬ ಫೋನಿನಲ್ಲಿ ಅಮೆರಿಕದ ಹಾವು ಸಾಕುವವರ ವಿಡಿಯೊ ನೋಡಿ, 'ಇದನ್ನು ನಾವೂ ಮಾಡಬಹುದಲ್ಲ' ಎಂದರೆ ಅವನನ್ನು ನಕ್ಕು ಕಳಿಸಬಾರದು. ಕೈಕೆಲಸದ ಮಟ್ಟಿಗೆ ಅವನ ಮಾತು ನಿಜ. ಹಾವಿನ ಮೊಟ್ಟೆ ಮರಿ ಮಾಡಿಸುವುದು ಚಾಕಿ ಸಾಕಣೆಗಿಂತ ಸುಲಭ.

ಸಾಕು ಹಾವಿನ ವ್ಯಾಪಾರ ಜಗತ್ತಿನಲ್ಲಿ ಹೆಚ್ಚಾಗಿ ನಡೆಯುವುದು ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವಿನ ಮೇಲೆ. ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲು, ಹೊಲಗಳ ಬಿಲಗಳಲ್ಲಿರುವ ಹಾವು ಇದು. ವಿಷವಿಲ್ಲ. ಉದ್ದ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್. ಹೆದರಿದರೆ ತಲೆಯನ್ನು ನಡುವೆ ಅಡಗಿಸಿ ಚೆಂಡಾಗಿ ಸುತ್ತಿಕೊಳ್ಳುತ್ತದೆ. ಹೆಣ್ಣು ಒಂದು ಸಲಕ್ಕೆ ಇಡುವುದು ನಾಲ್ಕರಿಂದ ಎಂಟು ಮೊಟ್ಟೆ; ಮೈ ಸುತ್ತಿ ಕಾವಿಗೆ ಕೂರುತ್ತದೆ. ನಮ್ಮ ಹೆಬ್ಬಾವಿನ ತಾಯಿ ಸ್ನಾಯುಗಳನ್ನು ನಡುಗಿಸಿ ಶಾಖವನ್ನೇ ಹುಟ್ಟಿಸಬಲ್ಲದು. ಬಾಲ್ ಪೈಥಾನ್ ತಾಯಿಗೆ ಆ ಸಾಮರ್ಥ್ಯವಿಲ್ಲ. ಅದರ ಸುರುಳಿಯ ಮುಖ್ಯ ಕೆಲಸ ಮೊಟ್ಟೆಯ ತೇವ ಆರದಂತೆ ಕಾಯುವುದು. ಸಾಕುವವರು ಮೊಟ್ಟೆಗಳನ್ನು ತೆಗೆದು, ತೇವದ ಹಾಸಿನ ಮೇಲೆ ಡಬ್ಬಿಯಲ್ಲಿಟ್ಟು, 31-32 ಡಿಗ್ರಿ ಶಾಖ ಕೊಡುತ್ತಾರೆ. ಮೊಟ್ಟೆಯೊಳಗಿನ ಭ್ರೂಣ ಚಿಪ್ಪಿನ ಒಂದು ಬದಿಗೆ ಅಂಟಿಕೊಂಡು ಬೆಳೆಯುವುದರಿಂದ ಅದನ್ನು ಹೊರಳಿಸಬಾರದು. 55-60 ದಿನಗಳಲ್ಲಿ ಮರಿ ಚರ್ಮದಂಥ ಚಿಪ್ಪು ಸೀಳಿ ಮೂಗು ಹೊರಗಿಡುತ್ತದೆ.

ಈ ಹಾವಿನ ಆಯುಸ್ಸು ದೊಡ್ಡದು. ಸಾಕಣೆಯಲ್ಲಿ 20-30 ವರ್ಷ ಬದುಕುವುದು ಸಾಮಾನ್ಯ. ಅಮೆರಿಕದ ಸೇಂಟ್ ಲೂಯಿ ಮೃಗಾಲಯದಲ್ಲಿ ಕನಿಷ್ಠ 62 ವರ್ಷದ ಹೆಣ್ಣೊಂದು 2020ರ ಜುಲೈನಲ್ಲಿ ಏಳು ಮೊಟ್ಟೆ ಇಟ್ಟಿತು. ಅದಕ್ಕೂ ಮೊದಲಿನ ಹದಿನೈದಕ್ಕೂ ಹೆಚ್ಚು ವರ್ಷ ಅದರ ಹತ್ತಿರ ಗಂಡು ಸುಳಿದಿರಲಿಲ್ಲ. ಹೆಣ್ಣು ಹಾವು ವೀರ್ಯವನ್ನು ಬಹುಕಾಲ ಕೂಡಿಟ್ಟುಕೊಳ್ಳಬಲ್ಲದು. ಗಂಡಿಲ್ಲದೆಯೇ ಮರಿ ಮಾಡುವ ಶಕ್ತಿಯೂ ಕೆಲವು ಹಾವುಗಳಿಗೆ ಇದೆ. ವ್ಯಾಪಾರದ ಲೆಕ್ಕ ಹಾಕುವವರು ಈ ಎರಡು ಸಂಗತಿಗಳನ್ನು, ಅಂದರೆ ದೀರ್ಘಾಯುಸ್ಸು ಮತ್ತು ಬಿಡದ ಸಂತಾನಶಕ್ತಿಯನ್ನು, ಎಲ್ಲಕ್ಕಿಂತ ಮೊದಲು ನೋಡಬೇಕು.

ಹೀಗೆನ್ನಲು ಕಾರಣವಿದೆ. ಸಾಮಾನ್ಯ ಕಂದು-ಕಪ್ಪು ಬಾಲ್ ಪೈಥಾನಿಗೆ ಹೇಳಿಕೊಳ್ಳುವ ಬೆಲೆ ಇಲ್ಲ. ಬೆಲೆ ಬರುವುದು ಬಣ್ಣ ಬದಲಿಸಿದ ಜೀನಿಗೆ. ಅಮೆರಿಕದ ಹಾವು ಸಾಕಣೆಗಾರ ಬಾಬ್ ಕ್ಲಾರ್ಕ್ 1992ರಲ್ಲಿ ಕಪ್ಪು ವರ್ಣದ್ರವ್ಯವೇ ಇಲ್ಲದ ಬಿಳಿ-ಹಳದಿ ಮರಿಗಳನ್ನು ಸಾಕಣೆಯಲ್ಲಿ ಪಡೆದರು. ಅಂಥ ಒಂದೊಂದು ಹಾವು ಆಗ ಸಾವಿರಾರು ಡಾಲರಿಗೆ ಹೋಗುತ್ತಿತ್ತು. ಈ ಗುಣ ಹಿಂಜರಿಯುವ ಬಗೆಯದು: ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಮೈಮೇಲೆ ಕಾಣುತ್ತದೆ. ಜೀನನ್ನು ಹೊತ್ತ, ಆದರೆ ನೋಡಲು ಮಾಮೂಲಾಗಿರುವ ಎರಡು ಹಾವುಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಬಿಳಿಯದು. ಉಳಿದ ಮೂರರಲ್ಲಿ ಎರಡು ವಾಹಕಗಳು. ಅವು ಯಾವುವೆಂದು ಕಣ್ಣು ಹೇಳಲಾರದು. ಸರಾಸರಿಯ ಮಾತನ್ನು ನಂಬಿ ಸಾಲ ಮಾಡುವವರು ಇನ್ನೊಂದು ಲೆಕ್ಕವನ್ನೂ ನೋಡಲಿ: ಆರು ಮೊಟ್ಟೆಗಳಲ್ಲಿ ಒಂದೂ ಬಿಳಿ ಮರಿ ಬಾರದಿರುವ ಸಂಭವ ಶೇಕಡ 18ರಷ್ಟಿದೆ. ಮುಂದಿನ ಮೊಟ್ಟೆಗೆ ಕನಿಷ್ಠ ಒಂದು ವರ್ಷ ಕಾಯಬೇಕು. ಹೆಣ್ಣು ಮರಿ ತಾನೇ ತಾಯಾಗಲು ಸುಮಾರು ಮೂರು ವರ್ಷ.

ಇಷ್ಟು ನಿಧಾನವಾಗಿ ಹೆಚ್ಚುವ ಪ್ರಾಣಿಯ ಬೆಲೆ ಕುಸಿದದ್ದು ಹೇಗೆ? ಇಲ್ಲಿ ರೇಷ್ಮೆಯ ಕಡೆಗೇ ತಿರುಗಿ ನೋಡಬಹುದು. ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಗೂಡು ಬಿಚ್ಚಣಿಕೆಯ ಬಿಸಿನೀರಿನಲ್ಲಿ ಮುಗಿದುಹೋಗುತ್ತದೆ. ನಾಳೆ ಮತ್ತೆ ಗೂಡು ಬೇಕು. ಹಾವು ಹಾಗೆ ಖರ್ಚಾಗುವ ಸರಕಲ್ಲ. ಮಾರಿದ ಪ್ರತಿ ಹೆಣ್ಣು ಹಾವೂ ಕೊಂಡವರ ಮನೆಯಲ್ಲಿ ಎರಡು ದಶಕ ಉಳಿದು, ಮತ್ತೆ ಮತ್ತೆ ಮೊಟ್ಟೆ ಇಡುವ ಶಕ್ತಿಯನ್ನು ಹೊತ್ತೇ ಹೋಗುತ್ತದೆ. ಇಂದಿನ ಗಿರಾಕಿ ಮೂರು ವರ್ಷದಲ್ಲಿ ಪೈಪೋಟಿದಾರ. ಅಪರೂಪವೇ ಬೆಲೆಯಾಗಿರುವಾಗ, ಯಶಸ್ವಿಯಾದ ಪ್ರತಿಯೊಂದು ಮೊಟ್ಟೆ ಆ ಬೆಲೆಯನ್ನು ಒಂದಿಷ್ಟು ಕೊರೆಯುತ್ತದೆ. ಸಾವಿರಾರು ಡಾಲರಿನ ಬಿಳಿ ಹಾವು ಈಗ ಕೆಲವು ನೂರು ಡಾಲರಿನೊಳಗೆ ಸಿಗುತ್ತದೆ. ಹೀಗಾಗಿ ಸಾಕುವವರು ಎರಡು ಜೀನು, ಮೂರು ಜೀನು, ಐದು ಜೀನು ಸೇರಿಸಿ ಹೊಸ ಹೊಸ ಬಣ್ಣಗಳ ಬೆನ್ನು ಹತ್ತಿದ್ದಾರೆ. ಮೊದಲು ಬಂದವರು ಗಳಿಸಿದರು. ಈಗ ಶುರುಮಾಡುವವರಿಗೆ ಉಳಿದಿರುವುದು ಬೇರೆಯವರ ಹಳೆಯ ಬಣ್ಣ.

ಬಣ್ಣದ ಬೆನ್ನು ಹತ್ತಿದ್ದರ ಬೆಲೆಯನ್ನು ಹಾವೂ ತೆತ್ತಿದೆ. 'ಸ್ಪೈಡರ್' ಎಂಬ ಜೇಡರಬಲೆಯಂಥ ಗೆರೆಗಳ ತಳಿಯ ಹಾವುಗಳು ತಲೆ ಅಲ್ಲಾಡಿಸುತ್ತವೆ, ಮಗುಚಿ ಬೀಳುತ್ತವೆ, ಇಲಿಗೆ ಗುರಿಯಿಟ್ಟು ಕಚ್ಚಲಾರದೆ ತಪ್ಪುತ್ತವೆ. ಇವುಗಳ ಒಳಕಿವಿಯ ಸಮತೋಲನದ ಅಂಗಗಳೇ ವಿರೂಪಗೊಂಡಿವೆ ಎಂಬುದನ್ನು 2022ರಲ್ಲಿ ಸ್ಕ್ಯಾನ್ ಮಾಡಿ ತೋರಿಸಲಾಯಿತು. ಚೆಂದದ ಗೆರೆಯೂ ಕೆಟ್ಟ ಕಿವಿಯೂ ಕೂಡಿಯೇ ಬರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಲು ಯಾರಿಗೂ ಆಗಿಲ್ಲ. ಬ್ರಿಟನ್ನಿನ ಸಾಕುವವರದೇ ಒಂದು ಸಂಘ 2018ರಲ್ಲಿ ತನ್ನ ಮೇಳಗಳಲ್ಲಿ ಈ ತಳಿಯ ಮಾರಾಟ ನಿಲ್ಲಿಸಿತು. ನೆಟ್ಟಗೆ ತಲೆ ಎತ್ತಲಾರದ ಪ್ರಾಣಿಯನ್ನು ಅಂದಕ್ಕಾಗಿ ಹುಟ್ಟಿಸುವುದು ಕ್ರೌರ್ಯ, ಬೇರೆ ಮಾತಿಲ್ಲ.

ಇನ್ನು ಮೇವು. ಹಾವಿಗೆ ಸೊಪ್ಪು ಹಾಕಲಾಗದು. ಐವತ್ತು ಹಾವು ಸಾಕುವವರು ಮೊದಲು ನೂರಾರು ಇಲಿ ಸಾಕಬೇಕು. ಅವುಗಳ ಆಹಾರ, ವಾಸನೆ, ರೋಗ ಎಲ್ಲವೂ ಮನೆಗೆ ಸೇರಿದವು. ಬಾಲ್ ಪೈಥಾನ್ ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸ ಕೂತುಬಿಡುತ್ತದೆ. ಆರೋಗ್ಯವಿದ್ದರೂ ಹಾಗೆಯೇ, ರೋಗ ಬಂದರೂ ಹಾಗೆಯೇ. ವ್ಯತ್ಯಾಸ ಹೇಳಬಲ್ಲ ಪಶುವೈದ್ಯರು ತಾಲ್ಲೂಕು ಮಟ್ಟದಲ್ಲಿ ಸಿಗುವುದು ಕಷ್ಟ.

ಕಾನೂನಿನ ವಿಷಯದಲ್ಲಿ ನಮ್ಮ ಹಾವು, ಪರದೇಶದ ಹಾವು ಎಂದು ಎರಡು ದಾರಿಗಳಿವೆ. ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿವೆ. ಇವುಗಳನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. 'ಮರಿ ನಮ್ಮ ಮನೆಯಲ್ಲೇ ಹುಟ್ಟಿದ್ದು' ಎಂಬ ವಾದ ನಿಲ್ಲದು. ಸೆರೆಯಲ್ಲಿ ಹುಟ್ಟಿದ ಪ್ರಾಣಿಯೂ ಕಾಯಿದೆಯ ಒಳಗೇ ಬರುತ್ತದೆ. ಪರದೇಶದ ಹಾವುಗಳಿಗೆ ಬಹುಕಾಲ ಹೇಳಿಕೊಳ್ಳುವ ನಿಯಮವಿರಲಿಲ್ಲ. ಕಾಯಿದೆಯ 2022ರ ತಿದ್ದುಪಡಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪ್ರಾಣಿಗಳನ್ನು ನಾಲ್ಕನೆಯ ಪಟ್ಟಿಗೆ ಸೇರಿಸಿತು. ಬಾಲ್ ಪೈಥಾನ್ ಅದರಲ್ಲಿದೆ. 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಾಯಿಸಬೇಕು; ಹುಟ್ಟು, ಸಾವು, ಕೈಬದಲು ಎಲ್ಲವನ್ನೂ ವರದಿ ಮಾಡಬೇಕು. ಅಂದರೆ ಕಾಗದದ ಮೇಲೆ ದಾರಿ ಮುಚ್ಚಿಲ್ಲ. ಆದರೆ ಮೊದಲ ಜೋಡಿ ಸರಿಯಾದ ಪತ್ರಗಳೊಂದಿಗೆ ಬಂದಿರಬೇಕು, ಮತ್ತು ಅದು ನಿಜಕ್ಕೂ ಎಲ್ಲಿಂದ ಬಂದಿತು ಎಂಬ ಪ್ರಶ್ನೆಯೇ ಕಠಿಣ.

ಮೇಲೂರಿಗೆ ಹತ್ತಿರದ ದೇವನಹಳ್ಳಿ ವಿಮಾನ ನಿಲ್ದಾಣದಲ್ಲೇ ಇದರ ಉತ್ತರದ ಒಂದು ಭಾಗ ಕಾಣುತ್ತದೆ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕರೊಬ್ಬರ ಪೆಟ್ಟಿಗೆಯಲ್ಲಿ ಹೆಬ್ಬಾವು, ಆಮೆ, ಊಸರವಳ್ಳಿಗಳೆಲ್ಲ ಸೇರಿ 234 ಪ್ರಾಣಿಗಳು ಸಿಕ್ಕವು; ಜೊತೆಗಿದ್ದ ಕಾಂಗರೂ ಮರಿ ಸತ್ತಿತ್ತು. ಮುಂದಿನ ತಿಂಗಳೇ ಮತ್ತೊಂದು ಸಾಮಾನಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಸತ್ತುಹೋದ 6 ಕಪುಚಿನ್ ಕೋತಿಗಳು. ಆ 55 ಹೆಬ್ಬಾವುಗಳು ಬಗೆಬಗೆಯ ಬಣ್ಣದವು ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಗಿರಾಕಿ ಇರುವುದರಿಂದಲೇ ಅವು ಪೆಟ್ಟಿಗೆ ಸೇರಿದ್ದು. ಅತ್ತ ಪಶ್ಚಿಮ ಆಫ್ರಿಕದಿಂದ 1975ರಿಂದೀಚೆಗೆ ರಫ್ತಾದ ಬಾಲ್ ಪೈಥಾನುಗಳ ಸಂಖ್ಯೆ 30 ಲಕ್ಷ ದಾಟಿದೆ. ಬಸಿರಾದ ಹೆಣ್ಣುಗಳನ್ನು ಬಿಲದಿಂದ ಅಗೆದು ತಂದು ಮೊಟ್ಟೆ ಇಡಿಸಿ, ಮರಿಗಳನ್ನು ಕಳುಹಿಸುವ ಪದ್ಧತಿ ಅಲ್ಲಿದೆ.

ತಪ್ಪಿಸಿಕೊಂಡ ಸಾಕು ಹಾವಿನಿಂದ ಆಗುವ ಹಾನಿಗೆ ಸ್ಪೇನಿನ ಗ್ರಾನ್ ಕನಾರಿಯ ದ್ವೀಪ ಸಾಕ್ಷಿ. ಹಾವುಗಳೇ ಇರದಿದ್ದ ಆ ದ್ವೀಪದಲ್ಲಿ ಸಾಕುವವರಿಂದ ಹೊರಬಿದ್ದ ಕ್ಯಾಲಿಫೋರ್ನಿಯದ ಕಿಂಗ್ ಸ್ನೇಕ್ ಹರಡಿ, ಅದು ಕಾಲಿಟ್ಟ ಜಾಗಗಳಲ್ಲಿ ಸ್ಥಳೀಯ ದೈತ್ಯ ಹಲ್ಲಿಯ ಸಂಖ್ಯೆ ಶೇಕಡ 90ಕ್ಕಿಂತ ಹೆಚ್ಚು ಕುಸಿದಿದೆ. ಅಲ್ಲಿ ಸಿಗುವ ಹಾವುಗಳಲ್ಲಿ ಬಿಳಿ ತಳಿಯವೂ ಇವೆ. ಬಂದದ್ದು ಎಲ್ಲಿಂದ ಎಂದು ಮೈಬಣ್ಣವೇ ಹೇಳುತ್ತದೆ.

ನಮ್ಮ ಕಡೆ ಹಾವಿನ ವ್ಯಾಪಾರ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಬಾಲ್ ಪೈಥಾನ್ ಅಲ್ಲ, ಎರಡು ತಲೆ ಹಾವು ಎಂದು ಕರೆಯುವ ಮಣ್ಣುಮುಕ್ಕ. ಸಡಿಲ ಮಣ್ಣಿನಲ್ಲಿ ಹುದುಗಿ, ಇಲಿ ತಿಂದು ಬದುಕುವ, ಕೆಂಗಂದು ಬಣ್ಣದ, ವಿಷವಿಲ್ಲದ ಈ ಹಾವಿನ ಬಾಲ ತಲೆಯಷ್ಟೇ ಮೊಂಡು. ಅಪಾಯ ಬಂದಾಗ ಅದು ತಲೆಯನ್ನು ಸುರುಳಿಯ ಕೆಳಗೆ ಬಚ್ಚಿಟ್ಟು ಬಾಲ ಎತ್ತಿ ಆಡಿಸುತ್ತದೆ. ಶತ್ರು ಕಚ್ಚಿದರೂ ಬಾಲಕ್ಕೆ ಕಚ್ಚಲಿ ಎಂಬ ಉಪಾಯ. ಅನೇಕ ಹಾವುಗಳ ಬಾಲದ ಮೇಲೆ ಗಾಯದ ಗುರುತು ಇರುವುದು ಇದರಿಂದಲೇ. ನಿಧಿ ತೋರಿಸುತ್ತದೆ, ಅದೃಷ್ಟ ತರುತ್ತದೆ, ವಾಸಿಯಾಗದ ಕಾಯಿಲೆ ವಾಸಿಮಾಡುತ್ತದೆ, ತೂಕ ಹೆಚ್ಚಾದಷ್ಟೂ ಲಕ್ಷ ಲಕ್ಷ ಬೆಲೆ ಎಂಬ ಮಾತುಗಳಿಗೆ ಎಳ್ಳಷ್ಟೂ ಆಧಾರವಿಲ್ಲ. ಆದರೂ 2016ರಿಂದ 2021ರವರೆಗೆ ದೇಶದ 18 ರಾಜ್ಯಗಳು ಮತ್ತು ಒಂದು ಕೇಂದ್ರಾಡಳಿತ ಪ್ರದೇಶದಲ್ಲಿ ಈ ಹಾವನ್ನು ವಶಪಡಿಸಿಕೊಂಡ 172 ಪ್ರಕರಣಗಳು ಪತ್ರಿಕೆಗಳಲ್ಲಿ ವರದಿಯಾದವು. ಸಿಕ್ಕಿಬಿದ್ದವುಗಳ ಲೆಕ್ಕ ಮಾತ್ರ ಅದು. ಇದನ್ನು ಮನೆಯಲ್ಲಿ ಸಾಕಿ ಮರಿ ಮಾಡಿಸೋಣ ಎನ್ನುವವರಿದ್ದಾರೆ. ಮಣ್ಣುಮುಕ್ಕ ಮೊಟ್ಟೆ ಇಡುವುದಿಲ್ಲ, ಕೆಲವೇ ಮರಿಗಳನ್ನು ನೇರ ಹಡೆಯುತ್ತದೆ. ಪ್ರತಿ ವರ್ಷ ಹಡೆಯಲೇಬೇಕೆಂದೂ ಇಲ್ಲ. ಹೊಲದಿಂದ ಒಂದು ದೊಡ್ಡ ಹೆಣ್ಣನ್ನು ಎತ್ತಿದರೆ ಆ ಜಾಗದ ಮುಂದಿನ ಹಲವು ಸೂಲುಗಳೇ ಹೋದವು. ಇಲಿಗಳು ಮಾತ್ರ ಮೂರು ವಾರಕ್ಕೊಮ್ಮೆ ಹಡೆಯುತ್ತಲೇ ಇರುತ್ತವೆ, ರಾಗಿ ತೆನೆಯ ನಡುವೆ, ಕಣಜದ ಕೆಳಗೆ.

ಹಾವಿನಿಂದ ಕಾನೂನುಬದ್ಧವಾಗಿ ಅನ್ನ ಸಂಪಾದಿಸುವವರು ನಮ್ಮ ನೆರೆಯಲ್ಲೇ ಇದ್ದಾರೆ. ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ 1978ರಲ್ಲಿ ಹಾವು ತಜ್ಞ ರೊಮುಲಸ್ ವಿಟೇಕರ್ ಜೊತೆಗೂಡಿ, ಹಾವು ಹಿಡಿಯುವ ಇರುಳ ಸಮುದಾಯದವರು ಸಹಕಾರ ಸಂಘ ಕಟ್ಟಿದರು. ಹಾವಿನ ಚರ್ಮದ ವ್ಯಾಪಾರ ನಿಂತು ಅವರ ಕೈ ಬರಿದಾಗಿದ್ದ ಕಾಲವದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳನ್ನು ಅನುಮತಿ ಪಡೆದು ಹಿಡಿದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಮತ್ತೆ ಹೊರಗೆ ಬಿಡುತ್ತಾರೆ. ಆ ವಿಷದಿಂದ ಕುದುರೆಗಳ ಮೂಲಕ ತಯಾರಾಗುವುದೇ ನಮ್ಮ ಆಸ್ಪತ್ರೆಗಳ ಪ್ರತಿವಿಷ. 2000ದಿಂದ 2019ರವರೆಗೆ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತ ದೇಶ ಇದು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ, ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಔಷಧ ಎಲ್ಲೆಡೆ ಒಂದೇ ರೀತಿ ಕೆಲಸ ಮಾಡದು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ತೋರಿಸಿದೆ. ಆಯಾ ಪ್ರದೇಶದ ಹಾವುಗಳ ವಿಷ ಸಂಗ್ರಹಿಸುವ ಕೇಂದ್ರಗಳು ಬೇಕು, ಅಲ್ಲಿನ ಹಾವುಗಳನ್ನು ಶುಚಿಯಾಗಿ, ಸರಿಯಾದ ಶಾಖದಲ್ಲಿ, ದಾಖಲೆ ಸಮೇತ ನೋಡಿಕೊಳ್ಳಬಲ್ಲ ತರಬೇತಾದ ಕೈಗಳು ಬೇಕು. ಜೀವರಕ್ಷಕ ಔಷಧಕ್ಕಾಗಿ ವಿಷ ಸಂಗ್ರಹಿಸಲು ಕಾಯಿದೆಯ 12ನೇ ಕಲಮಿನಲ್ಲಿ ಅವಕಾಶವೂ ಇದೆ. ಹಾವುಗಳ ಮೇಲೆ ಪ್ರೀತಿಯಿರುವ ನಮ್ಮ ಹಳ್ಳಿಯ ಹುಡುಗ ಹುಡುಗಿಯರಿಗೆ ಸರ್ಕಾರ ಸಂಬಳದ ಕೆಲಸ ಸೃಷ್ಟಿಸಬೇಕಾದ ಜಾಗ ಇದು.