ಹೊಂಗೆಯ ಎಣ್ಣೆಯೂ ಡೀಸೆಲ್ ವಾಹನವೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ರೈತರಿಗೆ ಹೊಂಗೆಯು ಅಪರಿಚಿತವಾದ ಮರವಲ್ಲ. ಇದರ ಬೀಜದ ಎಣ್ಣೆಯಿಂದ ಜೈವಿಕ ಡೀಸೆಲ್ ತಯಾರಿಸಬಹುದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಯಂತ್ರವೊಂದು ಶೇಂಗಾ ಎಣ್ಣೆಯಿಂದಲೇ ನಡೆದಿತ್ತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರ ಹೊತ್ತಿಗೆ ಡೀಸೆಲಿನಲ್ಲಿ ಶೇಕಡಾ 5ರಷ್ಟು ಮಿಶ್ರಣದ ಗುರಿಯನ್ನಿರಿಸಿದೆ.

ಆದರೆ ಗಾಣದಿಂದ ಬಂದ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿಯತಕ್ಕದ್ದಲ್ಲ. ಅದು ಡೀಸೆಲಿಗಿಂತ ಬಹಳ ಮಂದವಾದುದರಿಂದ ಸಣ್ಣ ಹನಿಗಳಾಗಿ ಸಿಡಿಯದೆ, ಪೂರ್ತಿ ಉರಿಯದೆ, ಇಂಜೆಕ್ಟರಿನಲ್ಲಿ ಮಸಿಗಟ್ಟುತ್ತದೆ. ಮೆಥನಾಲ್ ಹಾಗೂ ಕಾಸ್ಟಿಕ್ ಸೋಡಾ ಬೆರೆಸಿ, ಗ್ಲಿಸರಿನ್ ಬೇರ್ಪಡಿಸಿ, ತೊಳೆದು, ನೀರಿನಂಶ ತೆಗೆದ ಬಳಿಕವೇ ಅದು ಇಂಧನವೆನಿಸುತ್ತದೆ. ಮೆಥನಾಲ್ ವಿಷಕಾರಿ, ಬೇಗ ಬೆಂಕಿ ಹತ್ತುವಂಥದು. ಮನೆಯಲ್ಲಿ ಈ ಕಾರ್ಯಕ್ಕೆ ಕೈಹಾಕಬಾರದು.

ಶುದ್ಧ ಜೈವಿಕ ಡೀಸೆಲಿಗೂ ಒಂದು ಗುಣವುಂಟು. ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕುಳಿತ ಕೊಳೆಯನ್ನು ಅದು ಸಡಿಲಿಸುತ್ತದೆ. ಆ ಕೊಳೆ ಫಿಲ್ಟರನ್ನು ಕಟ್ಟಿಸಿದರೆ ವಾಹನ ನಡುದಾರಿಯಲ್ಲಿ ನಿಲ್ಲುತ್ತದೆ. ಆದುದರಿಂದ ಬಳಕೆಯ ಆರಂಭದಲ್ಲಿ ಫಿಲ್ಟರನ್ನು ಬೇಗನೆ ಬದಲಿಸುವುದು ಅವಶ್ಯ. ಹಳೆಯ ವಾಹನಗಳ ರಬ್ಬರ್ ಕೊಳವೆ, ವಾಷರುಗಳು ಉಬ್ಬಿ ಸೋರುವ ಸಂಭವವಿರುವುದರಿಂದ ಅವನ್ನು ಆಗಾಗ ಪರೀಕ್ಷಿಸಬೇಕು. ಈ ಇಂಧನ ನೀರನ್ನು ಹೀರುತ್ತದೆ, ಬಹುಕಾಲ ಇಟ್ಟರೆ ಕೆಡುತ್ತದೆ. ಆರು ತಿಂಗಳೊಳಗೆ ಬಳಸಿ ಮುಗಿಸುವುದು ಲೇಸು.

ಭಾರತೀಯ ಮಾನಕ 15607ಕ್ಕೆ ಹೊಂದುವ ಇಂಧನವನ್ನೇ ಕೊಂಡು, ವಾಹನ ತಯಾರಕರು ಸೂಚಿಸಿದ ಪ್ರಮಾಣವನ್ನು ಮೀರದೆ ಬೆರೆಸತಕ್ಕದ್ದು. ಹಳ್ಳಿಗಳಿಂದ ಮಕ್ಕಳನ್ನು ಕರೆತರುವ ಶಾಲಾ ವಾಹನದ ವಿಷಯದಲ್ಲಂತೂ ಈ ಎಚ್ಚರ ಇಮ್ಮಡಿಯಾಗಿರಬೇಕು.