ಹಾಕಿದ ಯೂರಿಯಾ ಎಲ್ಲಿ ಹೋಗ್ತದ?

ಸಾರಜನಕ ಚಕ್ರದ ಚಿತ್ರ ಬಿಡಿಸಿ ಪಾಠ ಮುಗಿಸಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. "ಸರ್, ನಮ್ಮಪ್ಪ ಕಬ್ಬಿಗೆ ಮೂರು ಚೀಲ ಯೂರಿಯಾ ಹಾಕ್ಯಾನ. ಅದೆಲ್ಲಾ ಕಬ್ಬಿಗೇ ಹೋಗ್ತದೇನ್ರಿ?" ಇಲ್ಲಪ್ಪ, ಸ್ವಲ್ಪ ನೀರಿನ ಜೊತೆ ಇಳಿದು ಹೋಗ್ತದೆ, ಸ್ವಲ್ಪ ಅಮೋನಿಯಾ ಆಗಿ ಹಾರ್ತದೆ ಅಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಉತ್ತರದಲ್ಲಿ ಒಂದು ತುಂಡು ಬಿಟ್ಟುಹೋಗಿತ್ತು: ನೈಟ್ರಸ್ ಆಕ್ಸೈಡ್.

ಹಲ್ಲಿನ ಡಾಕ್ಟರು ನೋವು ತಿಳಿಯದಂತೆ ಕೊಡುವ ನಗೆ ಅನಿಲ ಇದೇ. ಗಾಳಿಯಲ್ಲಿ ಇದರ ಪ್ರಮಾಣ ಬಹಳ ಕಡಿಮೆ. ಕೈಗಾರಿಕಾ ಯುಗಕ್ಕೆ ಮೊದಲು ನೂರು ಕೋಟಿ ಅಣುಗಳಲ್ಲಿ ಸುಮಾರು 270 ಇತ್ತು, ಈಗ 335 ದಾಟಿದೆ. ಆದರೆ ನೂರು ವರ್ಷದ ಲೆಕ್ಕ ಹಿಡಿದರೆ, ಒಂದು ಕಿಲೋ ನೈಟ್ರಸ್ ಆಕ್ಸೈಡ್ 273 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಮೇಲೇರಿದರೆ ಓಝೋನ್ ಪದರಕ್ಕೂ ಕುತ್ತು.

ಇದನ್ನು ತಯಾರಿಸುವುದು ಯೂರಿಯಾ ಚೀಲವಲ್ಲ, ಮಣ್ಣಿನ ಬ್ಯಾಕ್ಟೀರಿಯಾಗಳು. ಗಾಳಿಯಾಡುವ ಮಣ್ಣಿನಲ್ಲಿ ಒಂದು ಗುಂಪು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ. ಆಗ ಸ್ವಲ್ಪ ನೈಟ್ರಸ್ ಆಕ್ಸೈಡ್ ಸೋರುತ್ತದೆ. ಗಾಳಿ ಸಿಗದಾಗ ಇನ್ನೊಂದು ಗುಂಪು ಆಮ್ಲಜನಕದ ಬದಲು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸುತ್ತದೆ. ನೈಟ್ರೇಟ್ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ನಿರುಪದ್ರವಿ ಸಾರಜನಕ ಅನಿಲವಾಗುತ್ತದೆ. ಕೊನೆಯ ಮೆಟ್ಟಿಲಿಗಿಂತ ಒಂದು ಮೇಲೆ ಇರುವುದೇ ನೈಟ್ರಸ್ ಆಕ್ಸೈಡ್. ಅಲ್ಲೇ ನಿಂತುಬಿಟ್ಟರೆ ಅದು ಗಾಳಿಗೆ ಸೇರಿತು.

ನಿಲ್ಲುವುದು ಯಾವಾಗ? ಮುಖ್ಯವಾಗಿ ನೀರು ನೋಡಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಶೇ. 60ಕ್ಕಿಂತ ಕಡಿಮೆ ನೀರಿದ್ದರೆ ಮೊದಲ ಗುಂಪಿನದೇ ಕೆಲಸ, ಸೋರಿಕೆ ಕಡಿಮೆ. ಸುಮಾರು ಶೇ. 60ರಿಂದ 80 ತುಂಬಿದಾಗ ಅನಿಲ ಅತಿ ಹೆಚ್ಚು. ಅದಕ್ಕೂ ಮೇಲೆ ಹೋಗಿ ನೀರು ನಿಂತುಬಿಟ್ಟರೆ, ಅನಿಲ ಹೊರಗೆ ಬರುವ ಮೊದಲೇ ಬ್ಯಾಕ್ಟೀರಿಯಾ ಅದನ್ನು ಕೊನೆಯ ಮೆಟ್ಟಿಲಿಗೆ ಇಳಿಸಿರುತ್ತದೆ. ಹಾಗಾಗಿ ಪೂರಾ ಒಣ ಹೊಲಕ್ಕಿಂತ, ಪೂರಾ ಮುಳುಗಿದ ಗದ್ದೆಗಿಂತ, ಅರೆಹಸಿ ಹೊಲದ ಮೇಲೇ ಕಣ್ಣಿಡಬೇಕು. ನಮ್ಮ ಎರೆ ಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ನೀರು ಹಾಯಿಸಿದ ಮೇಲೆ ದಿನಗಟ್ಟಲೆ ಈ ಸ್ಥಿತಿಯಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಹೊಲಕ್ಕೆ ಮೊದಲ ಮಳೆ ಬಿದ್ದಾಗಲೂ ಕೆಲವು ದಿನ ಅನಿಲ ಒಮ್ಮೆಲೇ ಉಕ್ಕುತ್ತದೆ. (ಮೊದಲ ಮಳೆಯ ಮಣ್ಣಿನ ವಾಸನೆ ಇದರದ್ದಲ್ಲ. ಮಕ್ಕಳು ಕೇಳೇ ಕೇಳ್ತಾರೆ.)

ಕಾಸರಗೋಡಿನ ಬಂಧುಗಳಿಗೆ ಒಂದು ಮಾತು. ಕೊನೆಯ ಮೆಟ್ಟಿಲು ಇಳಿಸುವ ಕಿಣ್ವ ಹುಳಿ ಮಣ್ಣಿನಲ್ಲಿ ಸರಿಯಾಗಿ ರೂಪುಗೊಳ್ಳುವುದಿಲ್ಲ. ನಿಮ್ಮ ಮುರಕಲ್ಲು ಸೀಮೆಯ ಆಮ್ಲೀಯ ಮಣ್ಣಿನಲ್ಲಿ ನೈಟ್ರಸ್ ಆಕ್ಸೈಡಿನ ಪಾಲು ಹೆಚ್ಚಾಗಲು ಅದೊಂದು ಕಾರಣ. ತೋಟಕ್ಕೆ ಸುಣ್ಣ ಹಾಕುವುದರಲ್ಲಿ ಈ ಲಾಭವೂ ಉಂಟು.

ಈ ಲೆಕ್ಕವನ್ನು ತರಗತಿಯಲ್ಲೇ ಮಾಡಿಸಿ. 45 ಕಿಲೋ ಚೀಲದ ಯೂರಿಯಾದಲ್ಲಿ ಶೇ. 46 ಸಾರಜನಕ, ಅಂದರೆ 20.7 ಕಿಲೋ. ಅದರಲ್ಲಿ ಶೇ. 1 ಈ ದಾರಿ ಹಿಡಿಯುತ್ತದೆ ಎಂಬುದು ಸಾಮಾನ್ಯವಾಗಿ ಬಳಸುವ ಅಂದಾಜು: 207 ಗ್ರಾಂ. 44ರಿಂದ ಗುಣಿಸಿ 28ರಿಂದ ಭಾಗಿಸಿದರೆ ಸುಮಾರು 325 ಗ್ರಾಂ ಅನಿಲ. 273ರಿಂದ ಗುಣಿಸಿ: ಹತ್ತಿರ ಹತ್ತಿರ 89 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ.

ರೈತನ ಜೇಬಿಗೆ ಆ 207 ಗ್ರಾಂ ಲೆಕ್ಕಕ್ಕೇ ಬರೋದಿಲ್ಲ, ಅದನ್ನು ಮುಚ್ಚಿಡಬಾರದು. ಅವನಿಗೆ ದೊಡ್ಡ ನಷ್ಟ ಅಮೋನಿಯಾ ಆಗಿ ಹಾರಿದ್ದು, ಬೇರಿನ ಕೆಳಗೆ ಇಳಿದದ್ದು. ಗೊಬ್ಬರವನ್ನು ಒಂದೇ ಸಲ ಸುರಿಯದೆ ಬೆಳೆ ಉಣ್ಣುವಷ್ಟೇ ಕಂತಿನಲ್ಲಿ ಹಾಕಿ ಮಣ್ಣು ಮುಚ್ಚಿದರೆ, ಹದ ನೋಡಿ ನೀರು ಬಿಟ್ಟರೆ, ಒಟ್ಟು ನಷ್ಟವೇ ತಗ್ಗುತ್ತದೆ. ಬೇವು ಲೇಪಿಸಿದ ಯೂರಿಯಾ ನೈಟ್ರೇಟ್ ಆಗುವುದನ್ನು ನಿಧಾನ ಮಾಡುವುದೂ ಇದೇ ಕಾರಣಕ್ಕೆ. ನಿಮ್ಮಪ್ಪ ಗಾಳಿ ಕೆಡಿಸ್ತಾನೆ ಅಂತ ಮಾತ್ರ ಹೇಳಬೇಡಿ.

ಮರುವಾರ ಈ ಲೆಕ್ಕ ಮಾಡಿಸಿದಾಗ ಆ ಹುಡುಗ ಮತ್ತೆ ಎದ್ದ: "ಸರ್, ಮೂರು ಚೀಲದ್ದು 267 ಕಿಲೋ ಆತು. ಎರಡೇ ಚೀಲ ಹಾಕಿದ್ರ ಕಬ್ಬು ಕಮ್ಮಿ ಬರ್ತದೇನ್ರಿ?" ಮಣ್ಣು ಪರೀಕ್ಷೆ ಮಾಡಿಸದೆ ಹೇಳಕ್ಕಾಗಲ್ಲ ಅಂದೆ. ಸೋಮವಾರ ಒಂದು ಚೀಲ ಹೊಲದ ಮಣ್ಣು ಹೊತ್ತು ತಂದಿದ್ದ.